ಮೆಟ್ಟಿಲು ಯಾರ ಅಳತೀದು?

ನಮ್ಮ ಜತ್ತ ತಾಲೂಕಿನ್ಯಾಗ 75 ತುಂಬಿದವರಿಗೆ ಎಸ್‌ಟಿ ತಿಕೀಟಿಲ್ಲ. ಮಹಾರಾಷ್ಟ್ರ ಸರಕಾರ 2022ರ ಆಗಸ್ಟಿನಿಂದ ಕೊಟ್ಟ ಸವಲತ್ತು, ಛಲೋದು. ಆದರ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಮಟ. ಬೋರ್ಡು ಮರಾಠಿ, ಕನ್ನಡ ಅಷ್ಟ ಓದುವ ಅಜ್ಜಿ “ಯಾವೂರಿಗೆ ಹೊಂಟೈತೋ ತಮ್ಮಾ?” ಅಂತ ಕೇಳೂದ್ರಾಗ ಗಾಡಿ ಹೋಗಿರತೈತಿ. ರೊಕ್ಕ ಬಿಟ್ಟರ ದಾರಿ ಬಿಟ್ಟಂಗ ಆತೇನು?

ಕೈ ಹಿಡಿದು ಹತ್ತಿಸೋ ಹುಡುಗರು ಇದ್ದಾರಲ್ಲ ಅಂತೀರಿ. ಇದ್ದಾರ, ಒಳ್ಳೆಯವರು. ಆದರೂ ದಿನಾ ಇನ್ನೊಬ್ಬರ ಕೈ ಕಾಯೂದು ಅಂದರ ದಿನಾ ಬೇಡೂದ. ಒಂದು ಗಿಡ್ಡ ಮೆಟ್ಟಿಲು, ಒಂದು ಹಿಡಿಕಿ ಇದ್ದರ ಆಕಿ ಯಾರನ್ನೂ ಬೇಡಬೇಕಾಗಿಲ್ಲ. ಚೀಲ ಹೊತ್ತ ಹರೇದವರಿಗೂ ಅದು ಬೇಕಾಗತೈತಿ. ಭಜನಿಯೊಳಗ ಮುದುಕರ ದನಿಗೆ ತಕ್ಕಂಗ ಪೇಟಿಯ ಪಟ್ಟಿ ಇಳಿಸ್ತೀವಿ, ಹಾಡೇನು ಕೆಡೂದಿಲ್ಲ.

ನಮ್ಮ ವಾಚನಾಲಯಕ್ಕೂ ಮೂರು ಮೆಟ್ಟಿಲದಾವ, ಹಿಡಿಕಿಲ್ಲ. ಈ ಪುಸ್ತಕಾನೂ ಒಳಗ ಇಡ್ತಾರಂತ.