ಆನಯನ: ಮನೆಬಾಗಿಲಿಗೆ ಬಂದ ಸಂತೆ ಮತ್ತು ಶ್ರಾವಕನ ಮೇರೆ

ಹಸಿವಿಗೆ ಹೊಟ್ಟೆಯೆಂಬ ಮಿತಿಯುಂಟು, ನಿದ್ರೆಗೆ ಬೆಳಗೆಂಬ ಮಿತಿಯುಂಟು. 'ಬೇಕು' ಎಂಬುದರೊಳಗೆ ಮಾತ್ರ ಅಂತಹ ಮಿತಿಯೊಂದೂ ಇಲ್ಲ. ಅದಕ್ಕೆ ಮಿತಿಯು ಹೊರಗಿನ ಅಡೆತಡೆಗಳಿಂದ ಬರಬೇಕು, ಇಲ್ಲವೇ ಮನುಷ್ಯನು ತಾನಾಗಿ ಕೈಗೊಂಡ ವ್ರತದಿಂದ ಬರಬೇಕು. ಆದುದರಿಂದಲೇ ಜೈನಾಚಾರ್ಯರು ಗೃಹಸ್ಥನಿಗೆ ಹೇಳಿದ ವ್ರತಗಳಲ್ಲಿ 'ಪರಿಮಾಣ'ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುನಿಯು ಎಲ್ಲವನ್ನೂ ತ್ಯಜಿಸುತ್ತಾನೆ. ಶ್ರಾವಕನು 'ಇಷ್ಟು ಸಾಕು' ಎಂದು ನಿಶ್ಚಯಿಸುತ್ತಾನೆ. ಹಬ್ಬದ ವ್ಯಾಪಾರವು ಅಂಗಡಿಯನ್ನು ಬಿಟ್ಟು ಅಂಗೈಯ ಮೊಬೈಲಿಗೆ ಬಂದಿರುವ ಈ ಕಾಲದಲ್ಲಿ ಆ 'ಇಷ್ಟು' ಎಂಬುದನ್ನು ಎಲ್ಲಿ ನಿಲ್ಲಿಸಬೇಕು? ಇದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ, ಆಚಾರದ ಪ್ರಶ್ನೆ.

ಬಂಟ್ವಾಳ ತಾಲೂಕಿನ ಪೊಳಲಿಯು ಫಲ್ಗುಣಿ ನದಿಯ ತಡಿಯ ಕ್ಷೇತ್ರ. ಮೃಣ್ಮಯ ಮೂರ್ತಿಯಾದ ಶ್ರೀ ರಾಜರಾಜೇಶ್ವರಿಯ ಜಾತ್ರೆಯು ಅಲ್ಲಿ ಮೀನ ಸಂಕ್ರಮಣದಿಂದ ತೊಡಗಿ ಸುಮಾರು ಒಂದು ತಿಂಗಳು ನಡೆಯುತ್ತದೆ. 'ಪೊಳಲಿ ಚೆಂಡು' ತುಳುನಾಡಿಗೆಲ್ಲ ಹೆಸರುವಾಸಿ. ಸುತ್ತಲಿನ ಗದ್ದೆಗಳಲ್ಲಿ ಬೆಳೆದ ಕಲ್ಲಂಗಡಿ, ಊರ ಮಾತಿನ ಬಚ್ಚಂಗಾಯಿ, ಆಗ ದಾರಿಯ ಬದಿಯಲ್ಲಿ ರಾಶಿ ಬೀಳುತ್ತದೆ. ಜಾತ್ರೆಗೆ ಹೋದವರು ಅದನ್ನು ಹೊತ್ತುಕೊಂಡೇ ಮರಳುವುದು ರೂಢಿ. ಬೆಳೆದವನು, ಮಾರುವವನು, ಕೊಳ್ಳುವವನು ಮೂವರೂ ಒಂದೇ ಬಿಸಿಲಿನಲ್ಲಿ ನಿಂತಿರುತ್ತಾರೆ. ಜಾತ್ರೆ ಮುಗಿದ ದಿನ ಸಂತೆಯೂ ಮುಗಿಯುತ್ತದೆ.

ದೀಪಾವಳಿಯ ಖರೀದಿಗೂ ಇಂತಹುದೇ ಕಟ್ಟುಪಾಡು ಇತ್ತು. ಪೊಳಲಿಯ ಆಸುಪಾಸಿನವರು ಹೊಸಬಟ್ಟೆಗೆ ಬಿ.ಸಿ.ರೋಡಿಗೋ ಮೂಡಬಿದಿರೆಗೋ ಮಂಗಳೂರಿಗೋ ಹೋಗಬೇಕಾಗಿತ್ತು. ಅದಕ್ಕೊಂದು ದಿನ ಬೇಕು, ಬಸ್ಸಿನ ಖರ್ಚು ಬೇಕು, ಕೈಯಲ್ಲಿ ನಗದು ಬೇಕು. ಕೊಂಡದ್ದನ್ನು ಹೊತ್ತು ತರಲು ತೋಳು ಬೇಕು. ಮನೆಯ ಯಜಮಾನನು ಹಬ್ಬಕ್ಕೆ ಮೊದಲೇ ಮಕ್ಕಳೆಷ್ಟು, ಕೆಲಸದವರೆಷ್ಟು ಎಂದು ಲೆಕ್ಕ ಹಾಕಿ ಹೊರಡುತ್ತಿದ್ದನು. ಅವನು ಯಾವ ವ್ರತವನ್ನೂ ಸ್ವೀಕರಿಸಿರದಿದ್ದರೂ ದೂರವೆಂಬುದು ಅವನ ಪರವಾಗಿ ಅರ್ಧ ವ್ರತವನ್ನು ಪಾಲಿಸುತ್ತಿತ್ತು. ಅಂಗಡಿಯ ಬಾಗಿಲು ರಾತ್ರಿ ಮುಚ್ಚುತ್ತಿದ್ದುದರಿಂದ ಆಸೆಗೂ ರಾತ್ರಿಯ ವಿಶ್ರಾಂತಿ ದೊರೆಯುತ್ತಿತ್ತು.

ಈ ಅಡೆತಡೆಗಳು ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಕಳಚಿದವು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಸರಕು ಕೈಸೇರಿದ ಬಳಿಕ ಹಣ ಕೊಡುವ ಪದ್ಧತಿಯನ್ನು ತಂದಿತು. ಕಾಣದ ವ್ಯಾಪಾರಿಯನ್ನು ನಂಬಲು ಹಿಂಜರಿಯುತ್ತಿದ್ದವರ ಸಂಕೋಚ ಹೋಯಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿ ವ್ಯವಹಾರ ತೊಡಗಿತು. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ 'ಬಿಗ್ ಬಿಲಿಯನ್ ಡೇ' ಮಾರಾಟಕ್ಕೆ ನುಗ್ಗಿದ ಜನಸಂದಣಿಯಿಂದ ಅದರ ಜಾಲತಾಣವೇ ತತ್ತರಿಸಿ, ಸಂಸ್ಥಾಪಕರು ಗ್ರಾಹಕರ ಕ್ಷಮೆ ಯಾಚಿಸಬೇಕಾಯಿತು. 2016ರಲ್ಲಿ ಯುಪಿಐ ಬಂದಿತು, ಅದೇ ವರ್ಷ ಅಂತರ್ಜಾಲವೂ ಅಗ್ಗವಾಯಿತು. ಬಸ್ಸು ಹತ್ತುವ ಶ್ರಮ, ನೋಟು ಎಣಿಸುವ ಎಚ್ಚರ, ಹೊತ್ತು ತರುವ ಭಾರ ಎಲ್ಲವೂ ಇಲ್ಲವಾಗಿ, ಖರೀದಿಯು ಬೆರಳ ತುದಿಯ ಒಂದು ಚಲನೆಯಾಗಿ ಉಳಿಯಿತು.

ಇದರಲ್ಲಿ ಒಳಿತೇ ಇಲ್ಲವೆನ್ನುವುದು ಸತ್ಯಕ್ಕೆ ದೂರವಾದ ಮಾತಾದೀತು. ಬಸ್ಸು ಹತ್ತಲಾರದ ವೃದ್ಧರಿಗೆ, ಅಂಗವಿಕಲರಿಗೆ ಇದು ದೊಡ್ಡ ಉಪಕಾರ. ಹಳ್ಳಿಯ ವಿದ್ಯಾರ್ಥಿಗೆ ಪೇಟೆಯಲ್ಲೂ ಸಿಗದ ಪುಸ್ತಕ ಮನೆಗೆ ಬರುತ್ತದೆ. ಅಂಗಡಿಯ ಮೆಟ್ಟಿಲಲ್ಲಿ ಉಡುಗೆಯನ್ನೂ ಜಾತಿಯನ್ನೂ ಅಳೆದು ಮಾತನಾಡಿಸುವ ಕಣ್ಣುಗಳನ್ನು ಎದುರಿಸಿದವನಿಗೆ, ಯಾರ ಮುಖವನ್ನೂ ನೋಡದ ಈ ವ್ಯಾಪಾರವು ಸಮಾನತೆಯಂತೆಯೇ ತೋರುತ್ತದೆ. ಊರ ಅಂಗಡಿಯೆಂದ ಮಾತ್ರಕ್ಕೆ ಅದು ಧರ್ಮದ ಅಂಗಡಿಯಾಗದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸವನ್ನೂ, ಒಳ್ಳೆಯ ಸರಕಿಗೆ ಅದರಂತೆ ಕಾಣುವ ಕೀಳು ಸರಕನ್ನು ಬೆರೆಸಿ ಮಾರುವ 'ಪ್ರತಿರೂಪಕ ವ್ಯವಹಾರ'ವನ್ನೂ ಆಚಾರ್ಯರು ಎಣಿಸಿದುದು, ಅವು ಎಲ್ಲ ಕಾಲದ ಅಂಗಡಿಗಳಲ್ಲಿಯೂ ಸಂಭವಿಸುವುವೆಂದೇ.

ಹಾಗಾದರೆ ದೋಷವೆಲ್ಲಿ? ಇದಕ್ಕೆ ಉತ್ತರವನ್ನು ಹುಡುಕುವವನಿಗೆ ದಿಗ್‌ವ್ರತ ಮತ್ತು ದೇಶವ್ರತಗಳು ದಾರಿ ತೋರುತ್ತವೆ. ದಿಗ್‌ವ್ರತವೆಂದರೆ ಇಂತಿಂಥ ದಿಕ್ಕಿನಲ್ಲಿ ಇಷ್ಟು ದೂರದಾಚೆಗೆ ತನ್ನ ವ್ಯವಹಾರವನ್ನು ಹಬ್ಬಿಸೆನೆಂದು ಬಾಳಿನುದ್ದಕ್ಕೂ ಗೆರೆ ಹಾಕಿಕೊಳ್ಳುವುದು. ಸಮುದ್ರ, ನದಿ, ಅಡವಿ, ಬೆಟ್ಟಗಳೇ ಅದರ ಗುರುತುಗಳೆಂದು ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ತಿಳಿಸುತ್ತದೆ. ಆ ಗೆರೆಯೊಳಗೆ ನಿಯತಕಾಲದವರೆಗೆ ಇನ್ನೂ ಕಿರಿದಾದ ಗೆರೆಯನ್ನೆಳೆದು, ಈ ಮನೆ, ಈ ಊರು, ಈ ಹೊಳೆಯವರೆಗೆ ಎಂದು ನಿಯಮಿಸಿಕೊಳ್ಳುವುದು ದೇಶವ್ರತ. ಗೆರೆಯಾಚೆಗಿನ ಜಗತ್ತಿನ ಪಾಲಿಗೆ ಆ ಗೃಹಸ್ಥನು ಮಹಾವ್ರತಿಯಂತೆಯೇ ಆಗುತ್ತಾನೆ. ಅಲ್ಲಿ ಅವನಿಂದ ಯಾವ ಹಿಂಸೆಯೂ ಲೋಭವೂ ಪ್ರವರ್ತಿಸುವುದಿಲ್ಲ.

ಇಲ್ಲಿ ಗಮನಿಸತಕ್ಕುದು ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ವು ದೇಶವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು. ಗೆರೆಯೊಳಗೇ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು 'ಆನಯನ'. ಸೇವಕನನ್ನು ಆಚೆಗಟ್ಟಿ ಕೆಲಸ ಮಾಡಿಸುವುದು 'ಪ್ರೇಷ್ಯಪ್ರಯೋಗ'. ಕೆಮ್ಮಿಯೋ ಕೂಗಿಯೋ ಹೊರಗಿನವನಿಗೆ ಸಂಕೇತ ಕೊಡುವುದು 'ಶಬ್ದಾನುಪಾತ'. ತನ್ನ ರೂಪವನ್ನು ತೋರಿಸಿ ಕಾರ್ಯ ಸಾಧಿಸುವುದು 'ರೂಪಾನುಪಾತ'. ಕಲ್ಲು ಮಣ್ಣುಗಳನ್ನೆಸೆದು ಸೂಚನೆ ನೀಡುವುದು 'ಪುದ್ಗಲಕ್ಷೇಪ'. ವ್ರತಿಯು ಹೊಸ್ತಿಲು ದಾಟಿಲ್ಲ. ಆದುದರಿಂದ ವ್ರತವು ಪೂರ್ಣವಾಗಿ ಮುರಿದಿಲ್ಲ. ಆದರೆ ಅವನ ಆಸೆಯು ದಾಟಿದೆ. ಆದುದರಿಂದ ವ್ರತವು ಮಲಿನವಾಗಿದೆ. ಮೊಬೈಲನ್ನು ಒತ್ತಿ ಸಾವಿರ ಮೈಲಿಯಾಚೆಯ ಉಗ್ರಾಣದಿಂದ ಸರಕು ತರಿಸಿಕೊಳ್ಳುವ ಇಂದಿನ ಗೃಹಸ್ಥನು ಈ ಪಟ್ಟಿಯನ್ನೋದಿದರೆ, ಇದನ್ನು ತನಗಾಗಿಯೇ ಬರೆದರೋ ಎಂದು ಬೆರಗಾಗುತ್ತಾನೆ.

ಇದಕ್ಕೊಂದು ಆಕ್ಷೇಪವನ್ನು ಎತ್ತಬಹುದು. ಪೊಳಲಿಯ ಅಂಗಡಿಯಲ್ಲಿ ಮಾರುವ ಬಟ್ಟೆಯೂ ಸೂರತ್ತಿನಿಂದಲೋ ತಿರುಪ್ಪೂರಿನಿಂದಲೋ ಬಂದುದೇ ಅಲ್ಲವೆ? ತರಿಸುವವನು ಅಂಗಡಿಯವನಾದರೇನು, ಗ್ರಾಹಕನಾದರೇನು? ಮಾತು ನಿಜ. ಆದರೆ ವ್ರತದ ತಾತ್ಪರ್ಯವು ಸರಕು ಎಲ್ಲಿಯದೆಂಬುದರಲ್ಲಿ ಮಾತ್ರ ಇಲ್ಲ. ಆಸೆಯು ತನ್ನ ಗೆರೆಯನ್ನು ತಾನು ಬಲ್ಲದೆ ಎಂಬುದರಲ್ಲಿದೆ. ಅಂಗಡಿಯವನು ಊರಿನ ಅಗತ್ಯವನ್ನು ಊಹಿಸಿ, ತನ್ನ ಬಂಡವಾಳಕ್ಕೆ ತಕ್ಕಷ್ಟು ತರಿಸುತ್ತಾನೆ. ಅವನ ಕಪಾಟಿಗೊಂದು ಕೊನೆಯುಂಟು. ಮೊಬೈಲಿನ ಕಪಾಟಿಗೆ ಕೊನೆಯೆಂಬುದಿಲ್ಲ. ಅಲ್ಲಿ ಒಂದನ್ನು ನೋಡಿದವನಿಗೆ ಅಂತಹುವೇ ಹತ್ತು ಕಾಣಿಸುತ್ತವೆ. ನೋಡದೆ ಬಿಟ್ಟುದು ಮರುದಿನ ಮತ್ತೆ ಕಣ್ಣ ಮುಂದೆ ಸುಳಿಯುತ್ತದೆ.

ರಿಯಾಯಿತಿಯ ಮೋಹವು ಇದಕ್ಕೆ ತುಪ್ಪ ಸುರಿಯುತ್ತದೆ. ರಿಯಾಯಿತಿ ಮಾರಾಟವೇನೂ ಹೊಸದಲ್ಲ. ಜವಳಿ ಅಂಗಡಿಗಳು ಆಷಾಢದಲ್ಲಿ ದರ ಇಳಿಸುವುದು ಹಳೆಯ ವಾಡಿಕೆ. ಹೊಸದಾದುದು ಅವಸರ ಹುಟ್ಟಿಸುವ ಕಲೆ. 'ಇನ್ನೆರಡೇ ಉಳಿದಿವೆ', 'ಇನ್ನು ಹತ್ತೇ ನಿಮಿಷ' ಎಂಬ ಸುಳ್ಳು ತುರ್ತನ್ನು ಸೃಷ್ಟಿಸಿ ಗ್ರಾಹಕನನ್ನು ಸಿಕ್ಕಿಸುವುದೂ ಸೇರಿದಂತೆ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಕೇಂದ್ರ ಸರಕಾರವು 2023ರ ನವೆಂಬರಿನಲ್ಲಿ ಹೆಸರಿಸಿ ನಿಷೇಧಿಸಿತು. ಕಾನೂನು ಮಾರುವವನ ಕೈಯನ್ನು ಹಿಡಿಯಬಲ್ಲುದು, ಕೊಳ್ಳುವವನ ಮನಸ್ಸನ್ನು ಹಿಡಿಯಲಾರದು. ಸಾವಿರ ರೂಪಾಯಿಯ ಅನಗತ್ಯ ವಸ್ತುವನ್ನು ಆರುನೂರಕ್ಕೆ ಕೊಂಡವನು ನಾನೂರು ಉಳಿಸಿದೆನೆಂದು ಹಿಗ್ಗುತ್ತಾನೆ. ಆರುನೂರು ಕಳೆದುದು ಅವನ ಲೆಕ್ಕಕ್ಕೆ ಬಾರದು. ಅನರ್ಥದಂಡ ವ್ರತದ ಅತಿಚಾರಗಳಲ್ಲಿ ವಿಚಾರಿಸದೆ ಪ್ರವರ್ತಿಸುವ 'ಅಸಮೀಕ್ಷ್ಯಾಧಿಕರಣ'ವೂ, ಅಗತ್ಯಕ್ಕೆ ಮೀರಿ ಭೋಗವಸ್ತುಗಳನ್ನು ಸೇರಿಸುವ 'ಉಪಭೋಗಪರಿಭೋಗಾನರ್ಥಕ್ಯ'ವೂ ಇವೆ. ಇವೆರಡೂ ಒಂದೇ ರಾತ್ರಿ ಒಂದೇ ಬೆರಳಿನಿಂದ ನಡೆದುಹೋಗುತ್ತವೆ.

ಎರಡನೆಯ ವಿಚಾರವು ಕಾಣದ ಶ್ರಮದ್ದು. ಕರ್ಮವು ಕೃತ, ಕಾರಿತ, ಅನುಮೋದಿತವೆಂದು ಮೂರು ವಿಧ. ತಾನು ಮಾಡಿದುದು, ಮಾಡಿಸಿದುದು, ಮಾಡಿದುದಕ್ಕೆ ಒಪ್ಪಿದುದು ಮೂರೂ ಕರ್ತನನ್ನು ಅಂಟುತ್ತವೆ. ಮಳೆಯಲ್ಲಿ ಗುಡ್ಡದ ತಿರುವುಗಳನ್ನು ದಾಟಿ, ಹೊತ್ತು ಮೀರಿತೆಂಬ ಆತಂಕದಿಂದ ಬೈಕು ಓಡಿಸಿ ಪಾರ್ಸೆಲ್ ತರುವ ಯುವಕನ ಆಯಾಸವು ತರಿಸಿದವನಿಗೆ ಸಂಬಂಧವಿಲ್ಲದ್ದೆಂದು ಜೈನದೃಷ್ಟಿಯು ಹೇಳಲಾರದು. ಇಂತಹ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆಯೊಂದನ್ನು ಮಾಡಿರುವುದು ಸ್ತುತ್ಯ. ಆದರೆ ನಾಳೆ ಬಂದರೂ ಸಾಗುವ ವಸ್ತುವನ್ನು ಇಂದೇ ಬೇಕೆನ್ನುವುದನ್ನು ಬಿಡಲು ಯಾವ ಕಾಯಿದೆಯೂ ಬೇಕಿಲ್ಲ.

ಮೂರನೆಯದು ನೆರೆಯವನ ಋಣ. ಒಬ್ಬ ಯುವಕನು ಪೇಟೆಯ ಪಾದರಕ್ಷೆಯ ಅಂಗಡಿಗೆ ಹೋಗುತ್ತಾನೆಂದಿರಲಿ. ಅಂಗಡಿಯಾತನು ಬಗ್ಗಿ ಕುಳಿತು ನಾಲ್ಕಾರು ಜೊತೆಗಳನ್ನು ತೊಡಿಸಿ ನೋಡುತ್ತಾನೆ. ಯುವಕನು ತನ್ನ ಅಳತೆಯನ್ನು ತಿಳಿದುಕೊಂಡು, 'ಮತ್ತೆ ಬರುತ್ತೇನೆ' ಎಂದು ಹೊರಬಂದು, ಮೆಟ್ಟಿಲಲ್ಲೇ ನಿಂತು ಮೊಬೈಲಿನಲ್ಲಿ ಅಗ್ಗಕ್ಕೆ ತರಿಸುತ್ತಾನೆ. ಇದು ಕಳವೆ? ಅವನು ಯಾವ ವಸ್ತುವನ್ನೂ ಕದ್ದಿಲ್ಲ. ಆದರೆ ಅಚೌರ್ಯದ ಲಕ್ಷಣವೇ 'ಅದತ್ತ'ವನ್ನು, ಎಂದರೆ ಕೊಡದಿರುವುದನ್ನು, ತೆಗೆದುಕೊಳ್ಳದಿರುವುದು. ಅಂಗಡಿಯಾತನು ತನ್ನ ಹೊತ್ತನ್ನೂ ಅನುಭವವನ್ನೂ ಕೊಟ್ಟುದು ಕೊಳ್ಳಲು ಬಂದವನೆಂಬ ನಂಬಿಕೆಯಿಂದ. ನೋಡಿ ಒಪ್ಪಿಗೆಯಾಗದೆ ಹಿಂದಿರುಗುವುದು ಗ್ರಾಹಕನ ಸಹಜ ಹಕ್ಕು. ಕೊಳ್ಳುವುದಿಲ್ಲವೆಂದು ಮೊದಲೇ ನಿಶ್ಚಯಿಸಿ ನಂಬಿಸಿ ಪಡೆಯುವುದು ಬೇರೆ. ಅದು ನ್ಯಾಯಾಲಯದ ಕಳವಲ್ಲದಿದ್ದರೂ ಶ್ರಾವಕನ ಆತ್ಮಸಾಕ್ಷಿಯ ಮುಂದೆ ಅದತ್ತಾದಾನಕ್ಕೆ ಅತಿ ಸಮೀಪದ್ದು.

ಊರ ವ್ಯಾಪಾರದ ಲಾಭವು ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡಬೇಕು. ಪೊಳಲಿಗೆ ದೂರವಲ್ಲದ ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯೊಡನೆ ಒಟ್ಟು ಹದಿನೆಂಟು ಬಸದಿಗಳಿವೆ. ಅವುಗಳಲ್ಲಿ ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಕೋಟಿ ಶೆಟ್ಟಿ ಬಸದಿ ಎಂಬ ಹೆಸರುಗಳು ಇಂದಿಗೂ ವರ್ತಕರನ್ನು ನೆನಪಿಗೆ ತರುತ್ತವೆ. ವಣಿಕನ ಗಳಿಕೆಯು ಊರಿನ ಕಲ್ಲಾಗಿ, ಕಂಬವಾಗಿ, ದಾನವಾಗಿ ಊರಿನಲ್ಲೇ ಉಳಿಯಿತು. ಇಂದಿನ ಊರ ಅಂಗಡಿಯಾತನು ಬಸದಿಯನ್ನು ಕಟ್ಟಿಸದಿರಬಹುದು. ಆದರೆ ಶಾಲೆಯ ವಾರ್ಷಿಕೋತ್ಸವದ ಚಂದಾ ಪುಸ್ತಕವು ಮೊದಲು ಹೋಗುವುದು ಅವನಲ್ಲಿಗೆ. ತಿಂಗಳ ಕೊನೆಯಲ್ಲಿ ಲೆಕ್ಕ ಬರೆದುಕೊಂಡು ಅಕ್ಕಿ ಕೊಡುವವನೂ ಅವನೇ. ವರ್ಷದ ಹಬ್ಬದ ಖರೀದಿಯನ್ನೆಲ್ಲ ಬೇರೆಡೆಗೆ ಒಯ್ದು, ಚಂದಾ ಮತ್ತು ಸಾಲಕ್ಕೆ ಮಾತ್ರ ಅವನ ಬಾಗಿಲು ತಟ್ಟುವುದು ನ್ಯಾಯವೆ?

ಆದರೂ 'ಊರಿನಲ್ಲಿಯೇ ಕೊಳ್ಳತಕ್ಕದ್ದು' ಎಂಬ ಒಂದೇ ವಿಧಿಯಿಂದ ಪ್ರಶ್ನೆ ಬಗೆಹರಿಯದು. ಬಡವನಿಗೆ ನೂರು ರೂಪಾಯಿಯ ಉಳಿತಾಯವೂ ದೊಡ್ಡದು. ಅವನಿಗೆ ಉಪದೇಶಿಸುವ ಅಧಿಕಾರ ಉಳ್ಳವರಿಗಿಲ್ಲ. ಅಂಗಡಿಯಾತನ ಮನೆಗೂ ಪಾರ್ಸೆಲ್ ಬರುತ್ತಿರಬಹುದು. ಅಂಗಡಿಯಲ್ಲಿ ಕೊಂಡು ಮನೆ ತುಂಬಿದವನೂ ಪರಿಗ್ರಹಿಯೇ. ಆಸೆಯು ಮಿತಿಯಲ್ಲಿರುವಾಗ ಎಲ್ಲಿ ಕೊಳ್ಳಬೇಕೆಂಬುದನ್ನು ವಿವೇಕದಿಂದ ನಿರ್ಣಯಿಸಬಹುದು. ಮಿತಿಯಿಲ್ಲದಿರುವಾಗ ಆ ನಿರ್ಣಯವನ್ನು ರಿಯಾಯಿತಿಯೇ ಮಾಡಿಬಿಡುತ್ತದೆ. ಹಿಂದೆ ದೂರವು ಪಾಲಿಸುತ್ತಿದ್ದ ಅರ್ಧ ವ್ರತವನ್ನೂ ಇನ್ನು ಮುಂದೆ ಮನುಷ್ಯನು ತಾನೇ ಪಾಲಿಸಬೇಕಾಗಿದೆ. ಕಾಲವು ತಂದ ನಿಜವಾದ ಬದಲಾವಣೆಯಿದು.

ಇದು ಅಸಾಧ್ಯವಲ್ಲ. ಸಮಂತಭದ್ರರು ಭೋಗೋಪಭೋಗಗಳ ಮಿತಿಯನ್ನು ಬಾಳಿನುದ್ದದ 'ಯಮ'ವೆಂದೂ, ನಿಯತಕಾಲದ 'ನಿಯಮ'ವೆಂದೂ ಎರಡಾಗಿ ಹೇಳಿರುವುದು ದುರ್ಬಲರ ಮೇಲಿನ ಕರುಣೆಯಿಂದಲೇ ಇರಬೇಕು. ಗೃಹಸ್ಥನೊಬ್ಬನು ಹಬ್ಬಕ್ಕೆ ತಿಂಗಳು ಮೊದಲೇ, ಯಾವ ರಿಯಾಯಿತಿಯೂ ಕಣ್ಣಿಗೆ ಬೀಳುವ ಮುನ್ನ, ಮನೆಯವರೊಡನೆ ಕುಳಿತು ಅಗತ್ಯದ ಪಟ್ಟಿಯನ್ನೂ ಹಣದ ಮೇರೆಯನ್ನೂ ಬರೆದಿಡಬಹುದು. ಪಟ್ಟಿಯಲ್ಲಿಲ್ಲದ ವಸ್ತುವನ್ನು ಒಂದು ಪಕ್ಷ ಕಳೆಯುವವರೆಗೆ ಕೊಳ್ಳೆನೆಂದು ನಿಯಮಿಸಬಹುದು. ಊರಲ್ಲಿ ದೊರೆಯುವುದನ್ನು ಮೊದಲು ಊರಲ್ಲಿ ವಿಚಾರಿಸಬಹುದು. ದೀಪ ಹಚ್ಚಿದ ಮೇಲೆ ಬೆಳಗಿನವರೆಗೆ ಯಾವ ಖರೀದಿಯೂ ಇಲ್ಲವೆಂದು ಹಳೆಯ ಅಂಗಡಿಯ ಬಾಗಿಲನ್ನು ಮನಸ್ಸಿನಲ್ಲಿ ಮುಚ್ಚಬಹುದು.

2025ರಲ್ಲಿ ದಶಲಕ್ಷಣ ಪರ್ವವು ಸೆಪ್ಟೆಂಬರ್ 6ರ ಅನಂತ ಚತುರ್ದಶಿಯಂದು ಮುಗಿಯಿತು. ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ಪ್ರವಚನವನ್ನು ಕೇಳಿ ಶ್ರಾವಕರು ಮನೆಗೆ ಮರಳಿದರು. ಎರಡು ದೊಡ್ಡ ಸಂಸ್ಥೆಗಳ ಹಬ್ಬದ ಮಾರಾಟ ಆರಂಭವಾದುದು ಸೆಪ್ಟೆಂಬರ್ 23ರಂದು. ನಡುವೆ ಹದಿನೇಳು ದಿನಗಳು. 'ನನ್ನದೆಂಬುದು ಯಾವುದೂ ಇಲ್ಲ' ಎಂಬ ಭಾವನೆಯು ಹದಿನೇಳು ದಿನವಾದರೂ ಬಾಳುವುದೋ ಇಲ್ಲವೋ ಎಂಬ ಪರೀಕ್ಷೆಯು ಪ್ರತಿವರ್ಷವೂ ಹೀಗೆಯೇ ಬರುತ್ತದೆ. ಆ ಬಳಿಕ ಬರುವ ದೀಪಾವಳಿಯು ಜೈನರಿಗೆ ಭಗವಾನ್ ಮಹಾವೀರರ ನಿರ್ವಾಣದ ದಿನ. ರಾಜಕುಲದಲ್ಲಿ ಹುಟ್ಟಿ, ಉಟ್ಟ ಬಟ್ಟೆಯನ್ನೂ ತೊರೆದವನ ಸ್ಮರಣೆಗಾಗಿ ಹಚ್ಚುವ ದೀಪವದು. ಆ ದೀಪವನ್ನಿಡಲು ಮನೆಯಲ್ಲಿ ಒಡೆಯದ ಪಾರ್ಸೆಲ್‌ಗಳನ್ನು ಪಕ್ಕಕ್ಕೆ ಸರಿಸಬೇಕಾಗಿ ಬಂದರೆ, ಗೃಹಸ್ಥನು ಕ್ಷಣಕಾಲ ನಿಂತು ತನ್ನ ಮೇರೆಯನ್ನು ನೆನೆದುಕೊಳ್ಳುವುದು ಒಳಿತು.