ಹೃದ್ರೋಗಿಯ ಶುಶ್ರೂಷೆಯಲ್ಲಿ ಅನುರಾಗ

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಇಂದಿನ ದಾದಿಯ ಸ್ಥಾನದಲ್ಲಿದ್ದ ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ತಾನು ಉಪಚರಿಸುವವನಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಭಗವದ್ಗೀತೆಯಾದರೋ ಕರ್ಮವನ್ನು ಸಂಗವಿಲ್ಲದೆ, ಅಂದರೆ ಫಲದ ಅಂಟಿಲ್ಲದೆ, ಮಾಡಬೇಕೆನ್ನುತ್ತದೆ. ಸಾವು ಬದುಕುಗಳ ಅಂತರ ಕೆಲವೇ ನಿಮಿಷಗಳದ್ದಾಗಿರುವ ಹೃದ್ರೋಗದ ವಾರ್ಡಿನಲ್ಲಿ ದಾದಿಯಾದವರು ಇವೆರಡರಲ್ಲಿ ಯಾವುದನ್ನು ಅನುಸರಿಸಬೇಕು?

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ (ಏಮ್ಸ್) 1994ರ ಆಗಸ್ಟ್ 3ರಂದು ಪಿ. ವೇಣುಗೋಪಾಲ್ ಅವರ ತಂಡವು ದೇಶದ ಮೊದಲ ಯಶಸ್ವಿ ಹೃದಯ ಕಸಿಯನ್ನು ನಡೆಸಿತು. ಚರಕನು ಚೇತನದ ನೆಲೆಯೆಂದು ಕರೆದ ಹೃದಯವನ್ನೇ ಬದಲಾಯಿಸಿದರೂ ರೋಗಿ ಬೇರೊಬ್ಬನಾಗುವುದಿಲ್ಲವೆಂಬುದು ತತ್ತ್ವಜ್ಞರಿಗೆ ದೊಡ್ಡ ಸಂಗತಿಯಾಗಿರಬಹುದು. ಶುಶ್ರೂಷೆಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕಸಿಯ ವೇಳೆ ಹೃದಯದ ನರಗಳು ಕಡಿದುಹೋಗುವುದರಿಂದ, ಮುಂದೆ ಅದರ ರಕ್ತನಾಳ ಮುಚ್ಚಿಕೊಂಡರೂ ರೋಗಿಗೆ ಎಷ್ಟೋ ಸಲ ಎದೆನೋವೇ ತಿಳಿಯುವುದಿಲ್ಲ. ತನ್ನ ಬೇನೆಯನ್ನು ವಿವರಿಸಬಲ್ಲವನಾಗಿರುವುದು ರೋಗಿಯ ಗುಣಗಳಲ್ಲೊಂದೆಂದು ಚರಕನು ಎಣಿಸಿದ್ದಾನೆ. ಆ ಗುಣವೇ ಇಲ್ಲವಾದಾಗ, ಹೇಳಲಾರದ ನೋವನ್ನು ಉಸಿರಾಟದ ಏರುಪೇರು, ಬಳಲಿಕೆ, ಕಾಲಿನ ಬಾವುಗಳಿಂದ ಓದಿಕೊಳ್ಳುವ ಹೊಣೆ ಪರಿಚಾರಕನ ಪಾದಕ್ಕೆ ಬೀಳುತ್ತದೆ.

ಅನುರಾಗವೆಂದರೆ ಇಲ್ಲಿ ಕರಗುವ ಮನಸ್ಸಲ್ಲ, ಕದಲದ ಗಮನ. ಹೃದಯ ವೈಫಲ್ಯದಲ್ಲಿ, ಅಂದರೆ ಹೃದಯವು ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒತ್ತಲಾರದೆ ದ್ರವ ಶೇಖರಗೊಳ್ಳುವ ಸ್ಥಿತಿಯಲ್ಲಿ, ಪ್ರತಿದಿನ ಬೆಳಿಗ್ಗೆ ರೋಗಿಯ ತೂಕ ನೋಡುವುದು, ಕುಡಿದ ನೀರನ್ನೂ ಹೋದ ಮೂತ್ರವನ್ನೂ ಅಳೆದು ಬರೆಯುವುದು, ಎದೆಬಡಿತವನ್ನು ನಿಧಾನಗೊಳಿಸುವ ಡಿಗಾಕ್ಸಿನ್ ಎಂಬ ಔಷಧ ಕೊಡುವ ಮುನ್ನ ಪೂರ್ತಿ ಒಂದು ನಿಮಿಷ ಎದೆಬಡಿತ ಎಣಿಸುವುದು ಇವೆಲ್ಲ ಬೇಸರ ಹುಟ್ಟಿಸುವ ಕೆಲಸಗಳೇ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ಮಮತೆಯಿಲ್ಲದೆ ಅವು ಬಹುಕಾಲ ಸರಿಯಾಗಿ ನಡೆಯಲಾರವು. ಗೀತೆಯ ಮಾತು ಹೊಂದುವುದು ಫಲದ ವಿಷಯಕ್ಕೆ: ಒಂದು ಹಾಸಿಗೆಯ ರೋಗಿ ತೀರಿಕೊಂಡ ಮೇಲೂ ಪಕ್ಕದ ಹಾಸಿಗೆಯವನ ಬಡಿತವನ್ನು ಅಷ್ಟೇ ನಿಷ್ಠೆಯಿಂದ ಎಣಿಸಬಲ್ಲ ಸ್ಥೈರ್ಯ ಅದು. ಆದ್ದರಿಂದ ಈ ಎರಡು ಉಪದೇಶಗಳು ಪರಸ್ಪರ ವಿರುದ್ಧವಲ್ಲ.

ಆದರೆ ಚರಕನ ನಾಲ್ಕು ಪಾದಗಳಲ್ಲಿ ದಾದಿಯರನ್ನು ನೇಮಿಸಿಕೊಳ್ಳುವ ಸಂಸ್ಥೆಗೆ ಜಾಗವಿಲ್ಲ; ಅವರಿಂದ ಸೇವಾಭಾವವನ್ನು ನಿರೀಕ್ಷಿಸುವ ಧರ್ಮಚಿಂತನೆ ಸಂಸ್ಥೆಯ ಧರ್ಮವನ್ನು ಕೇಳುವುದೇ ಅಪರೂಪ. (ನಿಷ್ಕಾಮಕರ್ಮದ ಬೋಧೆಯನ್ನು ಸಂಬಳ ಕೊಡಬೇಕಾದವರು ಸಂಬಳ ಪಡೆಯುವವರಿಗೆ ಮಾಡುವಾಗ ಅದರ ಅರ್ಥವೇ ಕೆಡುತ್ತದೆ.) ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ದಾದಿಯರಿಗೆ ಸರ್ಕಾರಿ ದಾದಿಯರಷ್ಟೇ ವೇತನ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದಲ್ಲಿಯೂ ಅದು ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದೂ ಶಿಫಾರಸು ಮಾಡಿತು. ಅದನ್ನು ಜಾರಿಗೊಳಿಸಲು ದೆಹಲಿ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶವನ್ನು ಖಾಸಗಿ ಆಸ್ಪತ್ರೆಗಳ ಸಂಘವು ಪ್ರಶ್ನಿಸಿದಾಗ, ದೆಹಲಿ ಹೈಕೋರ್ಟು 2019ರ ಜುಲೈನಲ್ಲಿ ಆದೇಶವನ್ನೇ ಎತ್ತಿಹಿಡಿಯಿತು.