ಶ್ರುತಿ ಹಿಡಿದ ಹಲಗೆ

ಬೆಳಗಿನ ಐದೂವರೆಗೆ ನಮ್ಮ ನಡುಮನೆಯಲ್ಲಿ ತಂಬೂರಿ ಶುರುವಾಗುತ್ತದೆ. ಮೀಟುವವರು ಯಾರೂ ಇಲ್ಲ. ಗೋಡೆಗೆ ಒರಗಿಸಿಟ್ಟ ಹಳೆಯ ಐಪ್ಯಾಡ್ 2 ಪ-ಸ-ಸ-ಸ ಎಂದು ಗುಂಯ್‌ಗುಡುತ್ತಿರುತ್ತದೆ. ಹೆಂಡತಿ ಅದರೆದುರು ಕೂತು ಸರಳೆ ಹಾಡಿಕೊಳ್ಳುತ್ತಾಳೆ. 2011ರಲ್ಲಿ ಬಂದ ಮಾದರಿ. ಆಗ ಮನೆಗೆ ಬಂದವರೆಲ್ಲ ಒಮ್ಮೆ ಕೈಗೆತ್ತಿಕೊಂಡು, ಬೆರಳಲ್ಲಿ ಪುಟ ಸರಿಸಿ ನೋಡಿ, ಜೋಪಾನವಾಗಿ ವಾಪಸು ಕೊಡುತ್ತಿದ್ದರು. ಈಗ ಅದರ ಮೇಲೆ ಕಾಫಿ ಲೋಟ ಇಟ್ಟರೂ ನಾನು ಗದರುವುದಿಲ್ಲ.

ಅದು ಮುದಿಯಾದ ಬಗೆಯೇ ವಿಚಿತ್ರ. ಗಾಜು ಒಡೆದಿಲ್ಲ, ಗುಂಡಿ ಸಡಿಲಾಗಿಲ್ಲ. 512 ಎಂಬಿ ರ್‍ಯಾಮ್ ಅಂದು ಎಷ್ಟಿತ್ತೋ ಇಂದೂ ಅಷ್ಟೇ. ಅದರ ಐಓಎಸ್ ಮಾತ್ರ 2016ರಲ್ಲಿ 9.3.5ಕ್ಕೆ ನಿಂತಿತು. ಜಾಲತಾಣಗಳು ತಮ್ಮ ಗುರುತಿಗೆ ತೋರಿಸುವ ಪ್ರಮಾಣಪತ್ರಗಳಿಗೆ ಒಂದು ಬೇರು ಇರುತ್ತದೆ. ಆ ಬೇರಿಗೂ ಆಯುಸ್ಸುಂಟು. ಬಹಳಷ್ಟು ತಾಣಗಳು ನೆಚ್ಚಿಕೊಂಡಿದ್ದ ಅಂಥದೊಂದು ಬೇರಿನ ಅವಧಿ 2021ರ ಸೆಪ್ಟೆಂಬರ್ 30ರಂದು ತೀರಿತು. ಅದರ ಜಾಗಕ್ಕೆ ಬಂದ ಹೊಸ ಬೇರಿನ ಪರಿಚಯ ಇದಕ್ಕಿರಲಿಲ್ಲ. ನಿನ್ನೆ ತೆರೆದಿದ್ದ ಬಾಗಿಲುಗಳಲ್ಲಿ ಇಂದು ಎಚ್ಚರಿಕೆಯ ಸಾಲು. ಇದು ಕೂತಲ್ಲೇ ಕೂತಿತ್ತು. ಊರೇ ಎದ್ದು ಹೋಗಿತ್ತು. ಅನಿತ್ಯವೆಂದರೆ ವಸ್ತು ಸವೆಯುವುದು ಅಂತ ತಿಳಿದಿದ್ದ ನನಗೆ, ಸವೆಯದೆಯೂ ಹಳತಾಗುವ ಈ ಪರಿ ಹೊಸದು.

ಅಜ್ಜಿಯ ಸೀರೆಗೆ ಈ ಪಾಡಿರಲಿಲ್ಲ. ಉಟ್ಟು ಉಟ್ಟು ತೆಳುವಾದ ಮೇಲೆ ಕೌದಿಯ ಪದರವಾಯಿತು. ಕೌದಿ ಹರಿದ ಮೇಲೆ ನೆಲ ಒರೆಸುವ ಬಟ್ಟೆ, ಕೊನೆಗೆ ಒಲೆಯ ಪಕ್ಕದ ಮಸಿಬಟ್ಟೆ. ಮೆಟ್ಟಿಲು ಇಳಿಯಲು ಅದು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಐಪ್ಯಾಡಿಗಾದರೆ ಮೆಟ್ಟಿಲನ್ನು ನಾವೇ ಕಟ್ಟಿಕೊಡಬೇಕು. ಬ್ಯಾಂಕಿನ ವ್ಯವಹಾರ ಅದರಲ್ಲಿ ಕೂಡದು, ತೂತು ಬಿದ್ದರೆ ತೇಪೆ ಹಾಕುವವರಿಲ್ಲ. ಇಂಟರ್‌ನೆಟ್ಟಿನ ಹಂಗಿಲ್ಲದ ಕೆಲಸವೇ ಸರಿ: ಶ್ರುತಿ, ಗಡಿಯಾರ, ಮೊದಲೇ ತುಂಬಿಸಿಟ್ಟ ಪಿಡಿಎಫ್ ಪುಸ್ತಕ. ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ, ಬರೆಯೋಣವೆಂದರೆ ಕೀಲಿಮಣೆ ಇಲ್ಲ. ಐಓಎಸ್ ತನ್ನೊಳಗೇ ಕನ್ನಡ ಕೀಲಿಮಣೆ ಇಟ್ಟುಕೊಂಡದ್ದು 2017ರ 11ನೇ ಆವೃತ್ತಿಯಲ್ಲಿ. ಅಜ್ಜಿಯೂ ಹಾಗೇ. ಭಾರತವನ್ನು ರಾಗವಾಗಿ ಓದುತ್ತಿದ್ದಳು, ಸಹಿ ಎಂದರೆ ಹೆಬ್ಬೆಟ್ಟು ಚಾಚುತ್ತಿದ್ದಳು. ಅದನ್ನೊಂದು ಕೊರತೆಯೆಂದು ಮನೆಯಲ್ಲಿ ಯಾರೂ ಎಣಿಸಿದ್ದಿಲ್ಲ.

ನಿಜಕ್ಕೂ ಸವೆಯುತ್ತಿರುವುದು ಲಿಥಿಯಂ ಬ್ಯಾಟರಿ. ಸದಾ ಚಾರ್ಜರಿಗೆ ಕಟ್ಟಿಹಾಕಿ ಶೇಕಡಾ 100ರಲ್ಲೇ ನಿಲ್ಲಿಸಿದರೆ ಬೇಗ ಬಡವಾಗುತ್ತದೆ. ಒಳಗೆ ಅನಿಲ ತುಂಬಿ ಉಬ್ಬಲೂಬಹುದು. ಆಗಾಗ ಐಪ್ಯಾಡನ್ನು ಮೇಜಿನ ಮೇಲೆ ಮಲಗಿಸಿ, ಗಾಜು ಎಲ್ಲಾದರೂ ಎದ್ದಿದೆಯೇ ಎಂದು ಅಂಚಿನುದ್ದಕ್ಕೂ ಬೆರಳಾಡಿಸುತ್ತೇನೆ. ಎದ್ದ ದಿನ ಇ-ತ್ಯಾಜ್ಯದವರಿಗೆ ಕೊಟ್ಟು ಬರಬೇಕು.

ಇವತ್ತು ಎದ್ದಿಲ್ಲ. ಹಾಡಿನ ನಡುವೆ ಪರದೆಯ ಮೇಲೆ ಶೇಕಡಾ 20 ಎಂಬ ಎಚ್ಚರಿಕೆ ಮೂಡಿತು. ಅವಳು ಹಾಡು ನಿಲ್ಲಿಸದೆ ಬೆರಳಿಂದ ಅದನ್ನು ಅಳಿಸಿ, ಮೇಲಿನ ಷಡ್ಜಕ್ಕೆ ಹೋದಳು.